ಗಂಧರಾಜಕ್ಕೆ ಯಾವ ನೀರು?

ದಾವಣಗೆರೆಯಲ್ಲಿ ಮನೆತೋಟದ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಹಳದಿ ಬಿದ್ದ ಎಲೆಗಳನ್ನು ಕವರಿನಲ್ಲಿ ಹಾಕಿಕೊಂಡು ಬಹಳ ಮಂದಿ ಬಂದಿದ್ದೀರಿ. ಅವುಗಳಲ್ಲಿ ಕೆಲವು ಗಂಧರಾಜದ ಎಲೆಗಳಲ್ಲ, ನಂದಿಬಟ್ಟಲಿನವು. ಎರಡರದ್ದೂ ಹೊಳೆಯುವ ಹಸಿರು ಎಲೆ, ಬಿಳಿಯ ಹೂವು. ನರ್ಸರಿಗಳಲ್ಲೂ ಅದಲು ಬದಲಾಗುವುದುಂಟು. ಎಲೆಯ ತೊಟ್ಟನ್ನು ಮುರಿದು ನೋಡಿ. ಹಾಲು ಒಸರಿದರೆ ಅದು ನಂದಿಬಟ್ಟಲು. ಗಂಧರಾಜದಲ್ಲಿ ಹಾಲಿಲ್ಲ. ನಂದಿಬಟ್ಟಲು ಇರುವವರು ನಿಶ್ಚಿಂತೆಯಿಂದ ಇರಬಹುದು, ಅದು ಈ ನೆಲಕ್ಕೆ ಚೆನ್ನಾಗಿ ಒಗ್ಗಿದ ಗಿಡ. ಕಷ್ಟವಿರುವುದು ಗಂಧರಾಜ ಸಾಕಿದವರಿಗೆ. ಇವತ್ತಿನ ಮಾತಿನ ಹೆಚ್ಚಿನ ಪಾಲು ಅವರಿಗಾಗಿ.

ನಾವು ಗಂಧರಾಜ ಎನ್ನುವ ಗಿಡ ಗಾರ್ಡೇನಿಯಾ ಜಾಸ್ಮಿನಾಯ್ಡಿಸ್. ಇದರ ತವರು ದಕ್ಷಿಣ ಚೀನಾ, ತೈವಾನ್, ಜಪಾನ್, ವಿಯೆಟ್ನಾಂ ಕಡೆ. ಅಲ್ಲಿ ಮಳೆ ಧಾರಾಳ, ಮಣ್ಣು ಹುಳಿ, ಗಾಳಿಯಲ್ಲಿ ಸದಾ ತೇವ. ಕಾಫಿಯೂ ಗಂಧರಾಜವೂ ಒಂದೇ ಸಸ್ಯ ಕುಟುಂಬದವು. ಬಾಬಾಬುಡನ್‌ಗಿರಿಯಲ್ಲಿ ಬೆಳೆಯುವ ಕಾಫಿಯನ್ನು ಚಳ್ಳಕೆರೆಯಲ್ಲಿ ಬೆಳೆಯಲು ಯಾರೂ ಹೋಗುವುದಿಲ್ಲ. ಆದರೆ ಅದರ ಈ ನೆಂಟನನ್ನು ತಂದು, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನ ತಾರಸಿಯ ಮೇಲೆ, ಸಿಮೆಂಟಿನ ಕುಂಡದಲ್ಲಿ ನಿಲ್ಲಿಸುತ್ತೇವೆ. ಹಾಗೆ ನಿಲ್ಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಒಂದು ಹೂವು ಅರಳಿದರೆ ಇಡೀ ಪಡಸಾಲೆ ಘಮಘಮಿಸುವ ಗಿಡವನ್ನು ಬಿಟ್ಟಿರಲು ನನ್ನಿಂದಲೂ ಆಗದು. ಆದರೆ ಅದು ಎಲ್ಲಿಂದ ಬಂತು ಎಂಬುದನ್ನು ನೆನಪಿಟ್ಟುಕೊಂಡೇ ಆರೈಕೆ ಮಾಡಬೇಕು.

ಇದೇ ಕುಲದ ಗಿಡವೊಂದು ನಮ್ಮ ಒಣಕಾಡುಗಳಲ್ಲೂ ಇದೆ, ಅದು ಬಿಕ್ಕೆ. ಕುರಿ ಕಾಯುವವರಿಗೆ ಅದರ ಹಣ್ಣು ಗೊತ್ತು. ಅದರ ಎಳೆಯ ಕುಡಿಗಳ ಮೇಲೆ ಹಳದಿ ಬಣ್ಣದ ಗೋಂದು ಕಟ್ಟುತ್ತದೆ. ಡಿಕಾಮಲಿ ಎಂದು ಗ್ರಂಧಿಗೆ ಅಂಗಡಿಯಲ್ಲಿ ಸಿಗುವುದು ಅದೇ. ಬೇಸಿಗೆ ಬಂದಾಗ ಬಿಕ್ಕೆ ಎಲೆ ಉದುರಿಸಿ, ಕುಡಿಗೆ ಗೋಂದು ಮೆತ್ತಿಕೊಂಡು ಮಳೆಯ ದಾರಿ ಕಾಯುತ್ತದೆ. ಚೀನಾದ ಗಂಧರಾಜಕ್ಕೆ ಈ ವಿದ್ಯೆ ಬಾರದು. ಅದು ವರ್ಷವಿಡೀ ಎಲೆ ಹೊತ್ತುಕೊಂಡೇ ಇರಬೇಕು, ಆ ಎಲೆಗಳಿಗೆಲ್ಲ ದಿನವೂ ನೀರು ಬೇಕು. ಆ ನೀರು ಎಂಥದ್ದು ಎಂಬುದೇ ನನ್ನ ಇವತ್ತಿನ ವಿಷಯ.

ಗಂಧರಾಜ ಒಣಗಿದರೆ ಎಲ್ಲರೂ ಬಿಸಿಲನ್ನು ದೂರುತ್ತಾರೆ. ಬಿಸಿಲಿಗೆ ನೆರಳು ಬಲೆ ಕಟ್ಟಬಹುದು, ಕುಂಡವನ್ನು ಪೂರ್ವದ ಗೋಡೆಯ ಬದಿಗೆ ಸರಿಸಬಹುದು. ನಮ್ಮ ಕಡೆ ಈ ಗಿಡವನ್ನು ಸದ್ದಿಲ್ಲದೆ ಕೊಲ್ಲುವುದು ಬೋರ್‌ವೆಲ್ ನೀರು. ಬಹುತೇಕ ಮನೆಗಳಲ್ಲಿ ಅಡುಗೆಗೆ, ಕುಡಿಯಲು ಹೊಳೆ ನೀರು. ಪಾತ್ರೆ, ಬಟ್ಟೆ, ಗಿಡಕ್ಕೆ ಬೋರಿನ ಉಪ್ಪುನೀರು. ಆ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ನೆಲದಾಳದ ನೀರಿನಲ್ಲಿ ಸುಣ್ಣದ ಮತ್ತು ಮೆಗ್ನೀಸಿಯಂನ ಬೈಕಾರ್ಬೊನೇಟ್‌ಗಳು ಕರಗಿರುತ್ತವೆ. ಕಾಯಿಸಿದಾಗ ಸುಣ್ಣ ಬೇರೆಯಾಗಿ ಹಂಡೆಗೆ ಹತ್ತುತ್ತದೆ. ಕುಂಡದಲ್ಲೂ ನಡೆಯುವುದು ಇದೇ, ಆದರೆ ನಿಧಾನವಾಗಿ. ನೀರನ್ನು ಗಿಡ ಕುಡಿಯುತ್ತದೆ, ಬಿಸಿಲು ಆರಿಸುತ್ತದೆ. ಸುಣ್ಣ ಮಾತ್ರ ಮಣ್ಣಿನಲ್ಲೇ ಉಳಿಯುತ್ತದೆ. ಮಣ್ಣಿನ ಕುಂಡದ ಅಂಚಿನಲ್ಲಿ ಬಿಳಿಯ ಗೆರೆ ಮೂಡಿದ್ದರೆ ಒಳಗೆ ಇನ್ನೂ ಹೆಚ್ಚಿದೆ ಎಂದು ತಿಳಿಯಿರಿ.

ಮಣ್ಣಿನ ರಸಸಾರ, ಅಂದರೆ ಪಿಎಚ್, 5ರಿಂದ 6.5ರ ಒಳಗಿದ್ದರೆ ಗಂಧರಾಜಕ್ಕೆ ಹಿತ. ಒಂದೆರಡು ಬೇಸಿಗೆ ಉಪ್ಪುನೀರು ಕುಡಿದ ಕುಂಡದ ಮಣ್ಣು 7.5 ದಾಟಿ 8ರ ಕಡೆಗೆ ಹೋಗುತ್ತದೆ. ಅಷ್ಟು ಕ್ಷಾರದಲ್ಲಿ ಕಬ್ಬಿಣ ಕರಗುವುದಿಲ್ಲ. ಕರಗದ ಕಬ್ಬಿಣವನ್ನು ಬೇರು ಹೀರಲಾರದು. ಕಬ್ಬಿಣವಿಲ್ಲದೆ ಎಲೆಯಲ್ಲಿ ಹಸಿರು ಹುಟ್ಟದು. ಆಗ ತುದಿಯ ಹೊಸ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿದು ಬಲೆಯಂತೆ ಕಾಣುತ್ತವೆ. ನೀವು ಇವತ್ತು ತಂದಿರುವ ಎಲೆಗಳಲ್ಲಿ ಹೆಚ್ಚಿನವು ಈ ಬಗೆಯವೇ.

ತುಕ್ಕು ಹಿಡಿದ ಮೊಳೆಗಳನ್ನು ಕುಂಡದಲ್ಲಿ ಹುಗಿದರೆ ಸರಿಹೋಗುತ್ತದೆ ಎಂದು ಒಬ್ಬರು ಬರುವಾಗಲೇ ಹೇಳಿದರು. ಅದು ಫಲ ಕೊಡುವುದಿಲ್ಲ. ನಾವಿರುವುದು ಕಬ್ಬಿಣಕ್ಕೆ ಬರವೇ ಇಲ್ಲದ ಸೀಮೆಯಲ್ಲಿ. ಚಿತ್ರದುರ್ಗದ ಭೀಮಸಮುದ್ರದ ಸುತ್ತ ನೆಲ ಅಗೆದು ಅದಿರನ್ನೇ ತೆಗೆಯುತ್ತಾರೆ. ನಮ್ಮ ಕೆಮ್ಮಣ್ಣಿನ ಕೆಂಪೆಲ್ಲ ಕಬ್ಬಿಣದ್ದೇ. ಅಷ್ಟು ಕಬ್ಬಿಣದ ನಡುವೆ ನಿಂತು ಗಿಡ ಕಬ್ಬಿಣಕ್ಕಾಗಿ ಸೊರಗುತ್ತಿದೆ ಅಂದರೆ ಕೊರತೆ ಇರುವುದು ಹುಳಿಯದ್ದು. ತುಕ್ಕು ಕೂಡ ಕರಗದ ಕಬ್ಬಿಣವೇ ಆದ್ದರಿಂದ ಮೊಳೆ ಹುಗಿದು ಪ್ರಯೋಜನವಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಮಳೆನೀರು ಹಿಡಿಯಿರಿ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತಡಿಗೆ ಹತ್ತಡಿಯ ಶೀಟಿನ ಮಾಡಿನ ಮೇಲೆ 20 ಮಿಲಿಮೀಟರಿನ ಒಂದು ಹದಮಳೆ ಬಿದ್ದರೆ, ಚೆಲ್ಲಿದ್ದು ಸೋರಿದ್ದು ಕಳೆದರೂ 150 ಲೀಟರ್ ಸಿಗುತ್ತದೆ. ಎರಡು ಮೂರು ಗಂಧರಾಜದ ಕುಂಡಗಳಿಗೆ ಅದು ತಿಂಗಳಿಗೂ ಮಿಕ್ಕಿ ಬರುತ್ತದೆ. ವರ್ಷದ ಮೊದಲ ಮಳೆಯ ಧೂಳುನೀರನ್ನು ಬಿಟ್ಟುಬಿಡಿ, ಡ್ರಮ್ಮಿನ ಬಾಯಿಗೆ ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿ. ಚಿತ್ರದುರ್ಗದ ಕೋಟೆ ಹತ್ತಿದವರು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ ನೋಡಿರುತ್ತೀರಿ. ಬಂಡೆಯ ಮೇಲೆ ಬಿದ್ದ ಮಳೆ ಮೇಲಿನ ಹೊಂಡದಿಂದ ಕೆಳಗಿನ ಹೊಂಡಕ್ಕೆ ಇಳಿಯುವಂತೆ ಕಟ್ಟಿದ ನಾಡು ಇದು. ಮನೆಯ ಮೂಲೆಯಲ್ಲಿ ಒಂದು ಡ್ರಮ್ ಇಡುವುದು ನಮಗೆ ಹೊಸದಾಗಬಾರದು.

ಮಳೆನೀರು ಮುಗಿದ ಮೇಲೆ ಹೊಳೆ ನೀರು. ಒಂದು ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟರೆ ಅದರ ಕ್ಲೋರಿನ್ ವಾಸನೆ ಬಹಳಷ್ಟು ಹೋಗುತ್ತದೆ. ಮನೆಯಲ್ಲಿ ಎ.ಸಿ. ಇದ್ದರೆ ಅದರಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಡಿ. ಗಾಳಿಯ ತೇವವೇ ನೀರಾದದ್ದು ಅದು, ಉಪ್ಪು ಇಲ್ಲವೆಂದೇ ಹೇಳಬಹುದು. ಬೋರ್ ಬಿಟ್ಟರೆ ಗತಿಯಿಲ್ಲ ಎನ್ನುವವರು ಅಡುಗೆಯ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ಬಳಸಬಹುದು. ಗಡಸು ನೀರಾದರೆ 15 ಲೀಟರಿನ ಬಕೆಟ್ಟಿಗೆ ಒಂದು ಟೀ ಚಮಚ, ಅಂದರೆ ನಾಲ್ಕೈದು ಗ್ರಾಂ. ಹಾಕಿದ ಮೇಲೆ ಪಿಎಚ್ ಕಾಗದ ಅದ್ದಿ ನೋಡಿ, 6ರ ಹತ್ತಿರ ಬಂದರೆ ಸಾಕು. ಅಂದಾಜಿನ ಮೇಲೆ ಸುರಿಯಬೇಡಿ, ಒಬ್ಬರ ಬೋರಿನ ನೀರಿನಂತೆ ಪಕ್ಕದ ಮನೆಯ ಬೋರಿನ ನೀರು ಇರುವುದಿಲ್ಲ.

ಈಗಾಗಲೇ ಹಳದಿಯಾದ ಗಿಡಕ್ಕೆ ಎಲೆಯ ಮೂಲಕವೇ ಕಬ್ಬಿಣ ಕೊಡಿ. ಗೊಬ್ಬರದಂಗಡಿಯಲ್ಲಿ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಕೇಳಿ, ಲೀಟರಿಗೆ ಎರಡು ಮೂರು ಗ್ರಾಂ, ಜೊತೆಗೆ ಚಿಟಿಕೆ ನಿಂಬೆ ಉಪ್ಪು ಕರಗಿಸಿ, ಸಂಜೆಯ ತಂಪಿನಲ್ಲಿ ಸಿಂಪಡಿಸಿ. ಗೋಡೆಗೆ, ನೆಲಹಾಸಿಗೆ ತಾಗದಂತೆ ನೋಡಿಕೊಳ್ಳಿ, ಕಲೆಯಾದರೆ ಹೋಗುವುದಿಲ್ಲ. ಮಣ್ಣಿಗೆ ಸುರಿದ ಅನ್ನಭೇದಿ ಸುಣ್ಣದ ನಡುವೆ ಬೇಗ ಕಟ್ಟಿಕೊಂಡು ನಿರುಪಯೋಗಿಯಾಗುತ್ತದೆ. ಮಣ್ಣಿಗೇ ಕೊಡಬೇಕೆಂದಿದ್ದರೆ ಚೀಲೇಟ್ ಕಬ್ಬಿಣ, ಅಂದರೆ ಕರಗಿಯೇ ಉಳಿಯುವಂತೆ ಹಿಡಿದಿಟ್ಟ ಕಬ್ಬಿಣ, ಬೇಕು. ಅದರಲ್ಲೂ ಡಬ್ಬಿಯ ಮೇಲೆ ಇಡಿಡಿಎಚ್ಎ ಎಂದು ಇರುವುದನ್ನೇ ಕೊಳ್ಳಿ. ಇಡಿಟಿಎ ಎಂದಿರುವುದು ಅಗ್ಗ, ಆದರೆ ಕ್ಷಾರದ ಮಣ್ಣಿನಲ್ಲಿ ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಲಾರದು.

ಎಲ್ಲ ಹಳದಿಯೂ ಕಬ್ಬಿಣದ್ದಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೆಳಗಿನ ಹಳೆಯ ಎಲೆಗಳಲ್ಲಿ ನರಗಳ ನಡುವೆ ಹಳದಿ ಹರಡುತ್ತಿದ್ದರೆ ಮೆಗ್ನೀಸಿಯಂ ಕೊರತೆ. ಫಾಲ್ಗುಣದ ಹೊತ್ತಿಗೆ ಒಳಗಿನ ಕೆಲವು ಮುದಿ ಎಲೆಗಳು ಪೂರ್ತಿ ಹಳದಿಯಾಗಿ ಉದುರಿದರೆ ಅದು ಸಹಜ, ಕೈ ಹಚ್ಚಬೇಡಿ. ಗಿಡವೆಲ್ಲ ಜೋತುಬಿದ್ದು ಮಣ್ಣು ಮಾತ್ರ ಒದ್ದೆಯಾಗಿಯೇ ಇದ್ದರೆ ಬೇರು ಕೊಳೆಯುತ್ತಿದೆ. ಆಗ ಯಾವ ಔಷಧಿಗಿಂತಲೂ ಮೊದಲು ಕುಂಡದ ತೂತು ಕಟ್ಟಿದೆಯೇ ನೋಡಿ.

ಇನ್ನು ಮಣ್ಣು. ಸುತ್ತಲಿನ ಎರೆಮಣ್ಣು ಹತ್ತಿ, ಜೋಳಕ್ಕೆ ಒಳ್ಳೆಯದು, ಕುಂಡಕ್ಕೆ ಬೇಡ. ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ, ಒಳಗೆ ಸುಣ್ಣದ ಹರಳುಗಳೂ ಇರುತ್ತವೆ. ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಲಕ್ಕೆ ಹೋಗಲಿ. ಗಂಧರಾಜಕ್ಕೆ ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ, ಒಳ್ಳೆಯ ನೀರಿನಲ್ಲಿ ಎರಡು ಸಲ ತೊಳೆದೇ ಹಾಕಬೇಕು. ಒಲೆಯ ಬೂದಿ, ಅಕ್ಕಿ ಗಿರಣಿಯ ಹೊಟ್ಟಿನ ಬೂದಿ, ಮೊಟ್ಟೆಯ ಸಿಪ್ಪೆ ಎಲ್ಲವೂ ಕ್ಷಾರವೇ. ದಾಸವಾಳ ಸಹಿಸಿಕೊಳ್ಳುತ್ತದೆ, ಗಂಧರಾಜ ಸಹಿಸದು. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗ ಕುಂಡಗಳನ್ನು ದೂರ ಸರಿಸಿ. ಗೊಬ್ಬರಕ್ಕೆ ಹತ್ತಿಕಾಳಿನ ಹಿಂಡಿ ಬಹಳ ಚೆನ್ನ, ಮಣ್ಣನ್ನು ತುಸು ಹುಳಿಯ ಕಡೆಗೂ ಎಳೆಯುತ್ತದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಅದನ್ನು ಎಲ್ಲಿ ಕೊಳ್ಳುವುದು ಎಂದು ಯಾರೂ ಕೇಳಬೇಕಿಲ್ಲ; ದನದ ಮೇವಿನ ಅಂಗಡಿಗೆ ಹೋಗಿ. ಕುಂಡಕ್ಕೆ ಒಂದು ಹಿಡಿ, ನೆನೆಸಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ.

ಗಿಡದ ವರ್ಷವನ್ನು ನಾನು ಜನವರಿಯಿಂದ ಎಣಿಸುವುದಿಲ್ಲ, ಮೃಗಶಿರಾ ಮಳೆಯಿಂದ ಎಣಿಸುತ್ತೇನೆ. ಜೂನ್ ಎಂಟರ ಸುಮಾರಿಗೆ ಮೃಗಶಿರಾ ಹುಟ್ಟುತ್ತದೆ. ಅಷ್ಟರಲ್ಲಿ ಗಂಧರಾಜದ ಹೂವಿನ ಸುಗ್ಗಿ ಮುಗಿದಿರುತ್ತದೆ. ಕತ್ತರಿ ಹಾಕಲು, ಕುಂಡ ಬದಲಿಸಲು, ಕಡ್ಡಿ ನೆಡಲು ಇದೇ ಹೊತ್ತು. ಹೂವು ಬಿಟ್ಟ ಕೊಂಬೆಯನ್ನು ಮೂರನೆಯ ಒಂದು ಭಾಗ ಕತ್ತರಿಸಿ. ಹಾಗೆ ಕತ್ತರಿಸಿದ್ದರಲ್ಲಿ ಅರೆಬಲಿತ, ನಾಲ್ಕೈದು ಅಂಗುಲದ ತುದಿಗಳನ್ನು ಮರಳು ಬೆರೆತ ನಾರಿನ ಪುಡಿಯಲ್ಲಿ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ನೆರಳಿನಲ್ಲಿಡಿ. ಒಂದೂವರೆ ಎರಡು ತಿಂಗಳಲ್ಲಿ ಬೇರು ಬರುತ್ತದೆ. ನೆರೆಮನೆಗೆ ಕೊಡಲು ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಗೊತ್ತಿಲ್ಲ.

ಮಳೆಗಾಲ ಅಂದ ಕೂಡಲೇ ನೀರು ಹಾಕುವುದನ್ನು ನಿಲ್ಲಿಸುವವರಿದ್ದಾರೆ. ಮಲೆನಾಡಿನಲ್ಲಿ ಅದು ಸರಿ. ನಮ್ಮಲ್ಲಿ ಆರಿದ್ರಾ, ಪುನರ್ವಸು, ಪುಷ್ಯದಲ್ಲಿ ಮೋಡ ತುಂಬಿರುತ್ತದೆ, ಬೀಳುವುದು ಬರೀ ಸೋನೆ, ಬೀಸುವುದು ಆಷಾಢದ ಗಾಳಿ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಗಾಳಿ ತಾರಸಿಯ ಕುಂಡವನ್ನು ಸಂಜೆಯೊಳಗೆ ಒಣಗಿಸುತ್ತದೆ. ಮೇಲ್ಮಣ್ಣು ಸೋನೆಗೆ ಒದ್ದೆಯಾಗಿ ಕಾಣುತ್ತದೆ, ಎರಡು ಅಂಗುಲ ಕೆಳಗೆ ಬೆರಳು ಇಳಿಸಿದರೆ ಪುಡಿಪುಡಿ. ಬಿಸಿಲೇ ಇಲ್ಲದ ದಿನಗಳಲ್ಲಿ ಗಿಡ ಬಾಡಿತೆಂದು ಬಹಳ ಮಂದಿ ರೋಗ ಹುಡುಕುತ್ತಾರೆ. ಬೆರಳು ಇಳಿಸಿ ನೋಡಿ, ನೀರು ಹಾಕಿ, ಪಶ್ಚಿಮದ ಕಡೆಗೆ ಗೋಣಿಚೀಲವನ್ನೋ ನೆರಳು ಬಲೆಯನ್ನೋ ಅಡ್ಡ ಕಟ್ಟಿ. ನನ್ನ ಮಟ್ಟಿಗೆ ಆಷಾಢವೇ ನಮ್ಮ ಸೀಮೆಯ ಗಿಡಗಳ ನಿಜವಾದ ಪರೀಕ್ಷೆಯ ತಿಂಗಳು.

ಮಘೆ ಮಳೆ ಬಂದಷ್ಟು ಒಳ್ಳೆಯದು, ಮನೆ ಮಗ ಉಂಡಷ್ಟು ಒಳ್ಳೆಯದು ಎನ್ನುತ್ತಾರೆ. ಕುಂಡಗಳಿಗೂ ಅದು ನಿಜ. ಆಗಸ್ಟ್ ಮಧ್ಯದ ನಂತರ ಬರುವ ಜೋರು ಮಳೆಗಳಿಗೆ ಗಂಧರಾಜವನ್ನು ಅಂಗಳದ ನಡುವೆ ತಂದು ಇಡಿ. ತಟ್ಟೆಗಳನ್ನು ತೆಗೆದುಬಿಡಿ, ನೀರು ಮೇಲಿನಿಂದ ಹಾದು ಕೆಳಗೆ ಹರಿದು ಹೋಗಲಿ. ಬೇಸಿಗೆಯಲ್ಲಿ ಕೂಡಿದ ಉಪ್ಪನ್ನು ಇಷ್ಟು ಚೆನ್ನಾಗಿ ತೊಳೆಯುವುದು ಬೇರೆ ಯಾವುದರಿಂದಲೂ ಆಗದು. ಅದೇ ಮಳೆಯಿಂದ ಅಡೇನಿಯಂ ಅನ್ನು ಮಾತ್ರ ಸೂರಿನ ಕೆಳಗೆ ಎಳೆದುಕೊಳ್ಳಿ. ಅದರ ದಪ್ಪ ಬುಡ ನೀರು ನಿಂತರೆ ಕೊಳೆಯುತ್ತದೆ.

ಹಸ್ತ, ಚಿತ್ತಾ ಮಳೆಗಳ ಹೊತ್ತಿಗೆ ಅಂಗಳ ಸೇವಂತಿಗೆಯದು. ಚಿತ್ರದುರ್ಗದ ಹೊಲಗಳಲ್ಲಿ ಇದನ್ನು ಬೆಳೆಯುವ ರೈತರಿಗೆ ನಾನು ಹೇಳುವುದೇನೂ ಇಲ್ಲ. ಮನೆಯವರಿಗೆ ಎರಡು ಮಾತು. ಆಷಾಢದಲ್ಲಿ ನೆಟ್ಟ ಸಸಿಯ ಕುಡಿಯನ್ನು ಆಗಸ್ಟ್ ಕೊನೆಯವರೆಗೆ ಚಿವುಟುತ್ತಿರಿ, ಕವಲು ಹೆಚ್ಚುತ್ತದೆ. ಮತ್ತೆ, ರಾತ್ರಿ ಕತ್ತಲಿರುವ ಕಡೆ ಇಡಿ. ಇರುಳು ಉದ್ದವಾಗುವುದನ್ನು ಅಳೆದು ಮೊಗ್ಗು ಕಟ್ಟುವ ಗಿಡ ಇದು. ಬೀದಿದೀಪದ ಬೆಳಕು ರಾತ್ರಿಯಿಡೀ ಬಿದ್ದರೆ ಅದಕ್ಕೆ ಇರುಳಿನ ಲೆಕ್ಕ ತಪ್ಪುತ್ತದೆ, ಎಲೆ ಮಾತ್ರ ಬೆಳೆಯುತ್ತದೆ. ಕೆಂಪು ಎಲೆಯ ಪಾಯಿನ್‌ಸೆಟ್ಟಿಯಾ ಕೆಂಪಾಗದಿರುವುದಕ್ಕೂ ಬಹಳ ಸಲ ಇದೇ ಕಾರಣ.

ಅಕ್ಟೋಬರ್ ನಂತರ ಗಂಧರಾಜಕ್ಕೆ ಕತ್ತರಿ ತಾಗಿಸಬೇಡಿ. ಮುಂದಿನ ಬೇಸಿಗೆಯ ಹೂವು ಹುಟ್ಟುವುದು ಚಳಿಯಲ್ಲಿ. ರಾತ್ರಿಯ ಉಷ್ಣತೆ 15ರಿಂದ 18 ಡಿಗ್ರಿಗೆ ಇಳಿದಾಗ ಅದು ಮೊಗ್ಗಿಗೆ ಅಣಿಯಾಗುತ್ತದೆ, ನಮ್ಮ ಡಿಸೆಂಬರ್, ಜನವರಿಯ ಇರುಳುಗಳು ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಈ ಒಂದು ವಿಷಯದಲ್ಲಿ ನಮ್ಮ ಹವೆ ಗಂಧರಾಜಕ್ಕೆ ಹೇಳಿ ಮಾಡಿಸಿದಂತಿದೆ. ಆದ್ದರಿಂದ ಚಳಿಗಾಲದಲ್ಲಿ ಗಿಡ ಹೊರಗೇ ಇರಲಿ, ಬೆಳಗಿನ ಬಿಸಿಲು ಪೂರ್ತಿ ಬೀಳಲಿ. ಗೊಬ್ಬರ ಬೇಡ. ದುಂಡು ಮಲ್ಲಿಗೆಗೆ ಇದಕ್ಕೆ ಪೂರ್ತಿ ವಿರುದ್ಧವಾದ ಉಪಚಾರ ಬೇಕು: ನವೆಂಬರ್ ಕೊನೆಯಿಂದ ನೀರು ಕಡಿಮೆ ಮಾಡಿ, ಮೊಣಕಾಲೆತ್ತರಕ್ಕೆ ಕತ್ತರಿಸಿ, ಎಲೆ ಸವರಿ ವಿಶ್ರಾಂತಿ ಕೊಟ್ಟರೆ ಮಾರ್ಚ್‌ನಿಂದ ಹೂವು ಸುರಿಯುತ್ತದೆ. ಒಂದೇ ಪೈಪಿನಿಂದ ಎಲ್ಲ ಗಿಡಗಳಿಗೂ ಒಂದೇ ಸಮ ನೀರು ಬಿಡುವುದು ಅದಕ್ಕೇ ಸರಿಯಲ್ಲ. ಕಾಗದದ ಹೂವಿಗೂ ಅಷ್ಟೇ, ನೀರು ಹೆಚ್ಚಾದರೆ ಎಲೆ, ತುಸು ಬಾಯಾರಿಸಿದರೆ ಹೂವು.

ಶಿವರಾತ್ರಿ ಕಳೆಯಿತೆಂದರೆ ಕಾವು ಏರುತ್ತದೆ. ಗಂಧರಾಜದ ಮೊಗ್ಗುಗಳು ದಪ್ಪವಾಗುವ ಹೊತ್ತಿಗೇ ಒಣಗಾಳಿ ಬೀಸತೊಡಗುತ್ತದೆ, ಮೊಗ್ಗು ಹಳದಿಯಾಗಿ ಉದುರುತ್ತದೆ. ಮುಂದಿನ ಸಾಲಿನಲ್ಲಿ ಕುಳಿತ ಅಕ್ಕನವರು ಆಗಲೇ ಇದನ್ನೇ ಕೇಳಿದರು. ಮೊಗ್ಗು ಉದುರುವುದಕ್ಕೆ ಮೂರು ಕಾರಣ ನೋಡಿ: ಒಂದು ದಿನ ಕುಂಡ ಪೂರ್ತಿ ಒಣಗಿ ಮರುದಿನ ತುಂಬ ನೀರು ಬಿದ್ದದ್ದು, ಮೊಗ್ಗು ಕಂಡ ಸಂತೋಷಕ್ಕೆ ಕುಂಡವನ್ನು ಎತ್ತಿ ಬಾಗಿಲ ಮುಂದೆ ತಂದಿಟ್ಟದ್ದು, ಒಣಗಾಳಿ. ಮೊದಲ ಎರಡು ನಮ್ಮ ಕೈಯಲ್ಲಿವೆ. ಮೂರನೆಯದಕ್ಕೆ ಕುಂಡಗಳನ್ನು ಒತ್ತೊತ್ತಾಗಿ ಗುಂಪು ಮಾಡಿ, ನಡುವೆ ಗಂಧರಾಜ ಇಟ್ಟು, ಸುತ್ತ ನೆಲಕ್ಕೆ ನೀರು ಚಿಮುಕಿಸಿ. ಬುಡಕ್ಕೆ ಎರಡು ಅಂಗುಲ ಶೇಂಗಾ ಸಿಪ್ಪೆ ಹರಡಿ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಬೆಳಿಗ್ಗೆ ಹತ್ತು ಹನ್ನೊಂದರವರೆಗಿನ ಬಿಸಿಲು ಸಾಕು, ಆಮೇಲೆ ನೆರಳು. ಹೀಗೆ ಕಾಯ್ದ ಗಿಡ ಭರಣಿ, ಕೃತ್ತಿಕೆಯ ಹೊತ್ತಿಗೆ ಕೊಡುವ ಹೂವನ್ನು ನೋಡಿದರೆ ಪಟ್ಟ ಶ್ರಮವೆಲ್ಲ ಮರೆತುಹೋಗುತ್ತದೆ.

ಬೇಸಿಗೆಯ ಕೀಟಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಾಸವಾಳದ ತುದಿಯಲ್ಲಿ ಬಿಳಿ ಹಿಟ್ಟು ಕಂಡರೆ ಹಿಟ್ಟು ತಿಗಣೆ. ಇರುವೆ ಅದನ್ನು ಸಾಕುತ್ತದೆ, ಇರುವೆಯ ದಾರಿಯನ್ನೂ ತಡೆಯಬೇಕು. ಗಂಧರಾಜದ ಎಲೆಯ ಮೇಲೆ ಕಪ್ಪು ಮಸಿ ಕಂಡರೆ ಮೇಲಿನ ಎಲೆಗಳ ಅಡಿಯಲ್ಲಿ ಬಿಳಿ ನೊಣವೋ ಶಲ್ಕ ಕೀಟವೋ ಇದೆ ಎಂದೇ ಅರ್ಥ. ಮೊದಲು ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ, ಆಮೇಲೆ ಲೀಟರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಸಾಬೂನು ದ್ರವ, ಸಂಜೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಈಗ ನೀವು ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆಗಳಲ್ಲಿ ಕೆಲವು.

ಆರ್‌ಒ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕಬಹುದೇ ಎಂದು ಹಲವರು ಕೇಳಿದ್ದೀರಿ. ನೀರು ವ್ಯರ್ಥವಾಗಬಾರದು ಎಂಬ ನಿಮ್ಮ ಕಾಳಜಿ ದೊಡ್ಡದು. ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿರುವುದು ಆ ನೀರಿನಲ್ಲೇ. ನೆಲ ಒರೆಸಿ, ಬಚ್ಚಲಿಗೆ ಬಳಸಿ, ಕುಂಡಕ್ಕೆ ಬೇಡ.

ಟೀ ಸೋಸಿದ ಚರಟದ ಬಗ್ಗೆ ಒಂದು ಪ್ರಶ್ನೆ ಇದೆ. ಸಕ್ಕರೆ, ಹಾಲು ಹೋಗುವಂತೆ ತೊಳೆದು ಗೊಬ್ಬರದ ಗುಂಡಿಗೆ ಹಾಕಿ, ಒಳ್ಳೆಯದು. ಅದೊಂದರಿಂದಲೇ ಮಣ್ಣು ಹುಳಿಯಾಗುತ್ತದೆ ಎಂದು ನಂಬಬೇಡಿ.

ಜಗಳೂರಿನಿಂದ ಬಂದವರೊಬ್ಬರು ಡ್ರಸೀನಾ ಮತ್ತು ಸ್ಪೈಡರ್ ಗಿಡದ ಎಲೆಯ ತುದಿ ಕಂದಾಗಿ ಒಣಗುತ್ತದೆ, ಎಷ್ಟು ನೀರು ಹಾಕಿದರೂ ನಿಲ್ಲುತ್ತಿಲ್ಲ ಎಂದು ಬರೆದಿದ್ದಾರೆ. ಆ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ನಿಮಗೇ ಗೊತ್ತು. ಮನುಷ್ಯರ ಹಲ್ಲು, ಮೂಳೆಗೆ ತೊಂದರೆ ಕೊಡುವ ಅದೇ ಫ್ಲೋರೈಡ್ ಈ ಎರಡು ಗಿಡಗಳ ಎಲೆತುದಿಯಲ್ಲಿ ಕೂಡಿಕೊಂಡು ಸುಡುತ್ತದೆ. ಹೆಚ್ಚು ನೀರು ಹಾಕಿದಷ್ಟೂ ಹೆಚ್ಚು ಫ್ಲೋರೈಡ್ ಸೇರುತ್ತದೆ. ಅವಕ್ಕೆ ಮಳೆನೀರನ್ನೇ ಮೀಸಲಿಡಿ. ಆಗದಿದ್ದರೆ ಅವನ್ನು ಬಿಟ್ಟು ಕಣಗಿಲೆ, ಕಾಗದದ ಹೂವು, ಪಾರಿಜಾತ ಬೆಳೆಸಿ. ಕಣಗಿಲೆ ವಿಷದ ಗಿಡ, ಮಕ್ಕಳು ದನಕರು ಇರುವ ಮನೆಯಲ್ಲಿ ಜಾಗ ನೋಡಿ ನೆಡಿ.

ಕೊನೆಯ ಚೀಟಿ: ನಮ್ಮ ಬೋರಿನ ನೀರು ಎಂಥದ್ದು ಎಂದು ತಿಳಿಯುವುದು ಹೇಗೆ? ಇಲ್ಲಿಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರಿನ ಪರೀಕ್ಷೆಯ ಬಗ್ಗೆ ವಿಚಾರಿಸಿ. ಮೋಟಾರು ಹಾಕಿ ಹತ್ತು ನಿಮಿಷ ನೀರು ಹರಿಯಲು ಬಿಡಿ, ಸ್ವಚ್ಛವಾದ ಲೀಟರ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ಬಾಯಿತುಂಬ ತುಂಬಿಸಿ, ಅದೇ ದಿನ ಕೊಟ್ಟುಬನ್ನಿ. ವರದಿ ಬಂದಾಗ ಪಿಎಚ್ ಒಂದನ್ನೇ ನೋಡಬೇಡಿ, ಬೈಕಾರ್ಬೊನೇಟ್ ಎಷ್ಟಿದೆ ಎಂದು ಕೇಳಿ. ಮಣ್ಣನ್ನು ಕ್ಷಾರವಾಗಿಸುವುದು ಅದು, ಬಕೆಟ್ಟಿಗೆ ಎಷ್ಟು ನಿಂಬೆ ಉಪ್ಪು ಬೇಕು ಎಂಬುದೂ ಅದರ ಮೇಲೆಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಮತ್ತು ಮಳೆಗಾಲ ಮುಗಿದ ಮೇಲೆ, ಹೀಗೆ ಎರಡು ಸಲ ಮಾಡಿಸಿ, ಏಕೆಂದರೆ ಎರಡು ವರದಿಗಳೂ ಒಂದೇ ಆಗಿರುವುದಿಲ್ಲ.